ಫಾರ್ಮ್ಯಾಟ್ ಒತ್ತುವ ಮುನ್ನ: ಕಂಪ್ಯೂಟರಿಗೆ ಕಾಣದ ಡಿಸ್ಕಿನ ವಿಚಾರ



ದತ್ತಿ ಉಪನ್ಯಾಸವೆಂದರೆ ವಚನವೋ ಶಾಸನವೋ ಇರಬೇಕಲ್ಲ, ಹಾರ್ಡ್ ಡಿಸ್ಕ್ ಎಲ್ಲಿಂದ ಬಂತು ಎಂದು ಆಹ್ವಾನ ಪತ್ರಿಕೆ ನೋಡಿದ ಹಿರಿಯರೊಬ್ಬರು ಕೇಳಿದರು. ಶಾಸನ ಓದುವವರೂ ಈಗ ಅದರ ಫೋಟೋಗಳನ್ನು ಇಡುವುದು ಹಾರ್ಡ್ ಡಿಸ್ಕಿನಲ್ಲೇ ಅಲ್ಲವೇ ಎಂದೆ. ತಾಳೆಗರಿ ಸ್ಕ್ಯಾನ್ ಮಾಡಿದವರು, ರಾತ್ರಿಯಿಡೀ ಕೂತು ಯಕ್ಷಗಾನ ರೆಕಾರ್ಡ್ ಮಾಡಿಕೊಂಡವರು, ಮದುವೆ ಸ್ಟುಡಿಯೋದವರು, ಹಳೆಯ ಡಿಟಿಪಿ ಫೈಲುಗಳನ್ನೆಲ್ಲ ಕೂಡಿಹಾಕಿಕೊಂಡ ಪ್ರೆಸ್ಸಿನವರು, ಇವರೆಲ್ಲರ ದುಡಿಮೆ ಇರುವುದು ಅಂಗೈ ಅಗಲದ ಕರಿ ಡಬ್ಬಿಯೊಳಗೆ. ಒಂದು ದಿನ ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಏನೂ ಬರುವುದಿಲ್ಲ. ಇವತ್ತಿನ ಮಾತು ಆ ದಿನದ ಬಗ್ಗೆ.

"ಡಿಟೆಕ್ಟ್ ಆಗ್ತಿಲ್ಲ" ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಆದರೆ ಕಂಪ್ಯೂಟರ್ ಡಿಸ್ಕನ್ನು ಗುರುತಿಸುವುದು ಒಂದೇ ಏಟಿಗಲ್ಲ. ಮೊದಲು ಡಿಸ್ಕಿಗೆ ಸಾಕಷ್ಟು ಕರೆಂಟು ಸಿಗಬೇಕು. ಆಮೇಲೆ ಅದು ತಾನು ಯಾರು, ಯಾವ ಕಂಪನಿಯದು ಎಂದು ಹೇಳಿಕೊಳ್ಳಬೇಕು. ಅದಕ್ಕೆ ತಕ್ಕ ಡ್ರೈವರ್ ಕೂರಬೇಕು. ಡಿಸ್ಕಿನ ಆರಂಭದಲ್ಲಿರುವ ಪಾರ್ಟಿಷನ್ ಪಟ್ಟಿಯನ್ನು ಓದಬೇಕು, ಅದರೊಳಗಿನ ಫೈಲ್ ಸಿಸ್ಟಮ್ ಯಾವುದೆಂದು ತಿಳಿಯಬೇಕು, ಕೊನೆಗೆ ಇ ಎಂದೋ ಎಫ್ ಎಂದೋ ಒಂದು ಅಕ್ಷರ ಕೊಡಬೇಕು. ಇಷ್ಟರಲ್ಲಿ ಎಲ್ಲಿ ನಿಂತರೂ ನಮಗೆ ಕಾಣುವುದು ಒಂದೇ: ಡ್ರೈವ್ ಇಲ್ಲ. ಆಗ ಗಾಬರಿಯಾಗುತ್ತದೆ, ಗಾಬರಿಯಲ್ಲಿ ಕೈಗೆ ಸಿಕ್ಕ ಗುಂಡಿ ಒತ್ತುತ್ತೇವೆ. ನಾನು ಕಂಡ ಮಟ್ಟಿಗೆ ಡಿಸ್ಕ್ ತಾನಾಗಿ ಕೊಂದ ಡಾಟಾಗಿಂತ ಆ ಮೊದಲ ಹತ್ತು ನಿಮಿಷದಲ್ಲಿ ಒಡೆಯರೇ ಕೊಂದದ್ದು ಹೆಚ್ಚು. ಹಾಗಾಗಿ ಏನು ಮಾಡಬೇಕು ಎನ್ನುವುದಕ್ಕಿಂತ ಮುಂಚೆ ಎಲ್ಲಿ ನಿಂತಿದೆ ಎಂದು ಕೇಳಿಕೊಳ್ಳಿ ಎಂಬುದಷ್ಟೇ ನನ್ನ ವಾದ.

ಚುಚ್ಚಿದ ಮೊದಲ ಕ್ಷಣದಿಂದ ಶುರು ಮಾಡೋಣ. ಯುಎಸ್‌ಬಿ 1996ರಲ್ಲಿ ಬಂತು. ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್, ಡಿಜಿಟಲ್, ಎನ್‌ಇಸಿ, ನಾರ್ಟೆಲ್ ಎಂಬ ಏಳು ಕಂಪನಿಗಳು ಸೇರಿ ರೂಪಿಸಿದ ವ್ಯವಸ್ಥೆ ಅದು. ಇಂಟೆಲ್ ತಂಡದಲ್ಲಿ ಮುಂಚೂಣಿಯಲ್ಲಿದ್ದವರು ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್. ಮೂಲ ಯುಎಸ್‌ಬಿಯಲ್ಲಿ ಇರುವುದು ನಾಲ್ಕೇ ತಂತಿ. ಎರಡು ಕರೆಂಟಿಗೆ, ಎರಡು ಡಾಟಾಗೆ. ಹಳೆಯ ಚಪ್ಪಟೆ ಪಿನ್ನನ್ನು ಹತ್ತಿರ ಹಿಡಿದು ನೋಡಿ. ಅಂಚಿನ ಎರಡು ಪಟ್ಟಿಗಳು ನಡುವಿನ ಎರಡಕ್ಕಿಂತ ತುಸು ಮುಂದಕ್ಕೆ ಚಾಚಿರುತ್ತವೆ. ಕರೆಂಟು ಮೊದಲು ಮುಟ್ಟಲಿ, ಡಾಟಾ ಆಮೇಲೆ ಮುಟ್ಟಲಿ ಎಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಡಾಟಾ ತಂತಿಗಳಲ್ಲಿ ಒಂದನ್ನು ಡ್ರೈವ್ ತನ್ನ ಕಡೆಯಿಂದ ಒಂದು ರೆಸಿಸ್ಟರ್ ಮೂಲಕ ಮೇಲಕ್ಕೆಳೆಯುತ್ತದೆ. ಆ ತಂತಿಯ ವೋಲ್ಟೇಜು ಏರಿದ್ದನ್ನು ಕಂಡೇ ಕಂಪ್ಯೂಟರಿಗೆ ಯಾರೋ ಬಂದರೆಂದು ಗೊತ್ತಾಗುವುದು. ಆಗ ಅದು ರೀಸೆಟ್ ಮಾಡಿ, ಪರಿಚಯ ಕೇಳಿ, 1ರಿಂದ 127ರೊಳಗಿನ ಒಂದು ಸಂಖ್ಯೆಯನ್ನು ವಿಳಾಸವಾಗಿ ಕೊಡುತ್ತದೆ. ವಿಂಡೋಸ್ ಆ ಹೊತ್ತಿಗೆ ಟುಡುಂ ಎನ್ನುತ್ತದೆ.

ಆ ಸದ್ದು ಬಹಳ ಬೆಲೆಬಾಳುವ ಸುಳಿವು. ಡ್ರೈವ್ ಕಾಣದಿದ್ದರೂ ಸದ್ದು ಬಂತೆಂದರೆ ಕರೆಂಟು, ಕೇಬಲ್, ಪರಿಚಯ ಇಷ್ಟೂ ಸರಿಯಿರುವ ಸಂಭವ ಹೆಚ್ಚು, ತೊಂದರೆ ಇನ್ನೂ ಮೇಲಿನ ಹಂತದಲ್ಲಿದೆ. ಸದ್ದೇ ಬರಲಿಲ್ಲವೆಂದರೆ ಸಾಫ್ಟ್‌ವೇರಿನಲ್ಲಿ ಹುಡುಕಬೇಡಿ. ಹತ್ತು ವಿಡಿಯೋ ನೋಡಿ ರಿಜಿಸ್ಟ್ರಿ ತಿದ್ದಲು ಕೂರುವವರನ್ನು ಕಂಡಾಗ ನನಗೆ ಹೇಳಬೇಕೆನಿಸುವುದು ಇದನ್ನೇ. ಸದ್ದು ಬರುತ್ತಿದೆಯೇ ಇಲ್ಲವೇ ನೋಡಿ ಸ್ವಾಮಿ, ಆಮೇಲೆ ರಿಜಿಸ್ಟ್ರಿ.

ಕರೆಂಟಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧಕ್ಕರ್ಧ ರಗಳೆ ಇಲ್ಲೇ ಬಗೆಹರಿಯುತ್ತದೆ. ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್. ಒಳಗೆ ನೀಲಿ ಬಣ್ಣವಿರುವ 3.0 ಪೋರ್ಟು ಕೊಡುವುದು 900. ಜೇಬಿನ ಗಾತ್ರದ 2.5 ಇಂಚಿನ ಡಿಸ್ಕು ಓಡುತ್ತಿರುವಾಗ ಇದರೊಳಗೇ ಮುಗಿಸುತ್ತದೆ. ಆದರೆ ನಿಂತ ತಟ್ಟೆಯನ್ನು ತಿರುಗಿಸಲು ಶುರು ಮಾಡುವ ಆ ಒಂದೆರಡು ಸೆಕೆಂಡು ಅದಕ್ಕೆ ಹೆಚ್ಚು ಕರೆಂಟು ಬೇಕು, ಕೆಲವು ಡಿಸ್ಕುಗಳು 1 ಆಂಪಿಯರ್ ಹತ್ತಿರ ಎಳೆಯುತ್ತವೆ. ಪೋರ್ಟು ಸೋತರೆ ತಟ್ಟೆ ಅರ್ಧ ಏಳುತ್ತದೆ, ನಿಲ್ಲುತ್ತದೆ, ಮತ್ತೆ ಏಳುತ್ತದೆ. ದೀಪ ಮಾತ್ರ ಹತ್ತಿಯೇ ಇರುತ್ತದೆ. ದೀಪ ಹತ್ತಿದೆ ಅಂದಮೇಲೆ ಕರೆಂಟು ಬರುತ್ತಿದೆಯಲ್ಲ ಎಂದು ವಾದಿಸುವವರಿಗೆ ಇಷ್ಟೇ ಉತ್ತರ: ದೀಪಕ್ಕೆ ಕೆಲವು ಮಿಲಿಆಂಪಿಯರ್ ಸಾಕು, ಮೋಟರಿಗೆ ಸಾಲದು.

ಪೋರ್ಟು ಸೋಲುವುದಕ್ಕೆ ನಮ್ಮಲ್ಲಿ ಕಾರಣಗಳಿಗೆ ಬರವಿಲ್ಲ. ಜೋಡಿಸಿದ ಡೆಸ್ಕ್‌ಟಾಪುಗಳಲ್ಲಿ ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಮದರ್‌ಬೋರ್ಡಿನಿಂದ ಉದ್ದದ ತೆಳ್ಳನೆ ವೈರು ಬಂದಿರುತ್ತದೆ, ಅದರಲ್ಲೇ ವೋಲ್ಟೇಜು ಕುಸಿಯುತ್ತದೆ. ಹಿಂದಿನ ಪೋರ್ಟು ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಮೊದಲು ಅಲ್ಲಿಗೇ ಹಾಕಿ ನೋಡಬೇಕು. ಒಂದೇ ಪೋರ್ಟನ್ನು ನಾಲ್ಕಾಗಿ ಹಂಚುವ ಅಡಾಪ್ಟರಿಲ್ಲದ ಹಬ್ಬುಗಳು ಮೌಸಿಗೆ ಆದೀತು, ಡಿಸ್ಕಿಗೆ ಬೇಡ. ದೊಡ್ಡ 3.5 ಇಂಚಿನ ಡಿಸ್ಕಿಗೆ 12 ವೋಲ್ಟು ಬೇಕಾದ್ದರಿಂದ ಬೇರೆ ಅಡಾಪ್ಟರೇ ಇರುತ್ತದೆ. ಕಾಲ ಕಳೆದಂತೆ ಮೊದಲು ಸೋಲುವುದು ಅನೇಕ ಸಲ ಆ ಅಡಾಪ್ಟರ್, ಡಿಸ್ಕಲ್ಲ. ಅಷ್ಟೇ ವೋಲ್ಟು, ಅಷ್ಟೇ ಅಥವಾ ಹೆಚ್ಚು ಆಂಪಿಯರು, ಅದೇ ಧ್ರುವ ಇರುವ ಇನ್ನೊಂದನ್ನು ಹಾಕಿದರೆ ಸತ್ತಂತಿದ್ದ ಡಿಸ್ಕು ಎದ್ದು ಕೂರುತ್ತದೆ. ಪಿನ್ನು ಹೊಂದಿತೆಂದು ಮನೆಯಲ್ಲಿದ್ದ ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್ ಚುಚ್ಚಿದರೆ ಮಾತ್ರ ಎದ್ದು ಕೂರುವ ಪ್ರಶ್ನೆಯೇ ಇಲ್ಲ.

ಕೇಬಲಿನ ಬಗ್ಗೆ ಒಂದು ಉಪಾಯ. ಯುಎಸ್‌ಬಿ 3.0 ಕಾಲದ ಜೇಬು ಡಿಸ್ಕುಗಳಿಗೆ ಎರಡು ಭಾಗವಾಗಿರುವ ಅಗಲವಾದ ಪಿನ್ನಿರುತ್ತದೆ. ಅದರ ದೊಡ್ಡ ಭಾಗ ಹಳೆಯ ಆಂಡ್ರಾಯ್ಡ್ ಫೋನಿನ ಮೈಕ್ರೋ ಯುಎಸ್‌ಬಿಯೇ. ವೇಗದ ತಂತಿಗಳಿರುವುದು ಪಕ್ಕದ ಚಿಕ್ಕ ಭಾಗದಲ್ಲಿ. ಆದ್ದರಿಂದ ಅಗಲದ ಕೇಬಲ್ ಕೆಟ್ಟಿದೆಯೇ ಎಂಬ ಸಂಶಯ ಬಂದರೆ ಹಳೆಯ ಫೋನಿನ ಡಾಟಾ ಕೇಬಲನ್ನೇ ಆ ದೊಡ್ಡ ಭಾಗಕ್ಕೆ ಹಾಕಬಹುದು. ಡಿಸ್ಕು 2.0 ವೇಗದಲ್ಲಿ ನಿಧಾನವಾಗಿಯಾದರೂ ಬರುತ್ತದೆ. ಬಂದರೆ ಡಿಸ್ಕು ಬದುಕಿದೆ, ಕೇಬಲಿನ ವೇಗದ ಭಾಗವೋ ಸಾಕೆಟ್ಟೋ ಸಡಿಲವಾಗಿದೆ ಎಂದರ್ಥ. ಆದರೆ ಕೆಲವು ಫೋನ್ ಕೇಬಲುಗಳು ಬರೀ ಚಾರ್ಜಿಂಗಿನವು, ಅವುಗಳಲ್ಲಿ ಡಾಟಾ ತಂತಿಯೇ ಇರುವುದಿಲ್ಲ. ಫೋಟೋ ವರ್ಗಾಯಿಸಿದ ಕೇಬಲನ್ನೇ ಆರಿಸಿಕೊಳ್ಳಿ.

ಕರೆಂಟೂ ಕೇಬಲೂ ಸರಿಯಿದ್ದರೆ ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ನೋಡಬೇಕು. ಹಳದಿ ಗುರುತಿನ ಜೊತೆಗೆ ಅನ್‌ನೋನ್ ಯುಎಸ್‌ಬಿ ಡಿವೈಸ್ ಎಂದಿದ್ದು, ಕೋಡ್ 43 ಎಂದು ಬಂದರೆ, ಯಾರೋ ಬಂದಿದ್ದಾರೆ ಎಂದು ಕಂಪ್ಯೂಟರಿಗೆ ಗೊತ್ತಾಗಿದೆ, ಆದರೆ ಪರಿಚಯ ಕೇಳಿದರೆ ಉತ್ತರ ಸಿಗುತ್ತಿಲ್ಲ ಅಥವಾ ಸಿಕ್ಕ ಉತ್ತರ ಅಸಂಬದ್ಧವಾಗಿದೆ. ಬೇರೆ ಕಂಪ್ಯೂಟರಿಗೂ ಹಾಕಿ ನೋಡಿ. ಅಲ್ಲೂ ಅದೇ ಬಂದರೆ ಡಬ್ಬಿಯೊಳಗಿನ ಪುಟ್ಟ ಬೋರ್ಡು ಕೈಕೊಟ್ಟಿದೆ. ಅಲ್ಲಿ ಸರಿಯಾಗಿ ಬಂದರೆ ಇಲ್ಲಿನ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದರೆ ಅದು ಹೊಸದಾಗಿ ಕೂರುತ್ತದೆ. ಇದರಿಂದ ಡಾಟಾಗೆ ಏನೂ ಆಗುವುದಿಲ್ಲ, ಹೆದರಬೇಡಿ. ಲಿನಕ್ಸ್ ಬಳಸುವವರಿಗೆ ಡಿಮೆಸೇಜ್ ಎಂಬ ಒಂದೇ ಆಜ್ಞೆ ಸಾಕು, ಚುಚ್ಚಿದಾಗಿನಿಂದ ನಡೆದದ್ದನ್ನೆಲ್ಲ ಸಾಲು ಸಾಲಾಗಿ ಹೇಳುತ್ತದೆ. ಈ ಪ್ರಾಮಾಣಿಕತೆ ವಿಂಡೋಸಿಗೂ ಮ್ಯಾಕ್‌ಗೂ ಯಾವಾಗ ಬರುವುದೋ.

ಕೆಲವೊಮ್ಮೆ ಡ್ರೈವ್ ಕಾಣದಿರುವುದು ಕೆಟ್ಟಿದ್ದಕ್ಕಲ್ಲ, ಬೇಕೆಂದೇ ತಡೆದದ್ದಕ್ಕೆ. ಬ್ಯಾಂಕು, ಕಚೇರಿಗಳಲ್ಲಿ ಪೆನ್‌ಡ್ರೈವಿನ ಡ್ರೈವರನ್ನೇ ಅಡ್ಮಿನ್‌ಗಳು ಬಂದ್ ಮಾಡಿರುತ್ತಾರೆ. 2008ರ ನವೆಂಬರಿನಲ್ಲಿ ಅಮೆರಿಕದ ಸೇನೆಯೇ ಪೆನ್‌ಡ್ರೈವಿನಿಂದ ಹಬ್ಬಿದ ಒಂದು ವೈರಸ್ಸಿಗೆ ಬೆಚ್ಚಿ ಅವುಗಳ ಬಳಕೆ ನಿಲ್ಲಿಸಿತ್ತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಕೂಡ ಯುಎಸ್‌ಬಿ ಡ್ರೈವುಗಳ ಮೂಲಕ ಹರಡಬಲ್ಲದಾಗಿತ್ತು. ಆಮೇಲೆ ಕಚೇರಿಗಳು ಬಿಗಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಆ್ಯಪಲ್‌ನ ಹೊಸ ಲ್ಯಾಪ್‌ಟಾಪುಗಳಲ್ಲಿ 2022ರ ವೆಂಚುರಾ ಎಂಬ ಮ್ಯಾಕ್ ಓಎಸ್ ಆವೃತ್ತಿಯಿಂದೀಚೆಗೆ ಹೊಸ ಸಾಧನ ಚುಚ್ಚಿದಾಗ ಅನುಮತಿ ಕೇಳುತ್ತದೆ. ಅವಸರದಲ್ಲಿ ಬೇಡ ಎಂದು ಒತ್ತಿದ್ದರೆ ಡಿಸ್ಕಿಗೆ ಕರೆಂಟು ಹೋಗುತ್ತದೆ, ಡಾಟಾ ಬರುವುದಿಲ್ಲ.

ಈಗ ಮುಖ್ಯ ಜಾಗಕ್ಕೆ ಬಂದೆವು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕು ಹೆಸರು ಸಮೇತ ಇದೆ, ಫೈಲ್ ಎಕ್ಸ್‌ಪ್ಲೋರರಿನಲ್ಲಿ ಇಲ್ಲ. ಆಗ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಕಿಟಕಿ ತೆರೆಯಬೇಕು. ಅಲ್ಲಿ ಹಲವು ಸ್ಥಿತಿಗಳು ಕಾಣುತ್ತವೆ, ಒಂದೊಂದಕ್ಕೂ ಬೇರೆ ಅರ್ಥ. ಎಲ್ಲ ಸರಿಯಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಅಕ್ಷರ ಕೊಟ್ಟರೆ ಮುಗಿಯಿತು. ಕಚೇರಿಯ ನೆಟ್‌ವರ್ಕ್ ಡ್ರೈವು ಅದೇ ಅಕ್ಷರ ಹಿಡಿದು ಕೂತಾಗಲೂ ಹೀಗಾಗುತ್ತದೆ. ಆಫ್‌ಲೈನ್ ಎಂದು ತೋರಿಸುತ್ತಿದ್ದರೆ ಈ ಡಿಸ್ಕು ಇನ್ನೊಂದರ ತದ್ರೂಪು ಪ್ರತಿಯಾಗಿ, ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರಬಹುದು. ಒಂದು ಆನ್‌ಲೈನ್ ಇರುವಾಗ ಅದೇ ಗುರುತಿನ ಇನ್ನೊಂದನ್ನು ವಿಂಡೋಸ್ ಒಳಬಿಡುವುದಿಲ್ಲ. ರಾ ಎಂದು ಬಂದರೆ ಪಾರ್ಟಿಷನ್ ಇದೆ, ಒಳಗಿನ ಫೈಲ್ ಸಿಸ್ಟಮ್ ಅರ್ಥವಾಗುತ್ತಿಲ್ಲ. ನಾಟ್ ಇನಿಶಿಯಲೈಸ್ಡ್ ಎಂದು ಬಂದರೆ ಪಾರ್ಟಿಷನ್ ಪಟ್ಟಿಯೇ ಸಿಗುತ್ತಿಲ್ಲ.

ಕೊನೆಯ ಎರಡು ಸ್ಥಿತಿಗಳಲ್ಲಿ ವಿಂಡೋಸ್ ಆ ಕುಖ್ಯಾತ ಪ್ರಶ್ನೆ ಕೇಳುತ್ತದೆ. ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಅಥವಾ, ಇನಿಶಿಯಲೈಸ್ ಮಾಡಲೇ? ಈ ಪ್ರಶ್ನೆ ಬರೆದವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಕಂಪ್ಯೂಟರಿಗೆ ಗೊತ್ತಿರುವುದು ತನಗೆ ಓದಲು ಬರುತ್ತಿಲ್ಲ ಎನ್ನುವುದು ಮಾತ್ರ. ಅದನ್ನು ಹೇಳಿ ಸುಮ್ಮನಾಗುವ ಬದಲು ಎದುರಿಗಿರುವ ಡಾಟಾವನ್ನೆಲ್ಲ ಒರೆಸಲೇ ಎಂದು ಅದು ಕೇಳುತ್ತದೆ, ಅದೂ ರಿಪೇರಿ ಮಾಡಿಕೊಡುವ ಧಾಟಿಯಲ್ಲಿ. ಮ್ಯಾಕ್ ಇದಕ್ಕಿಂತ ವಾಸಿ, ಈ ಡಿಸ್ಕನ್ನು ಓದಲಾಗುತ್ತಿಲ್ಲ ಎಂದು ಮೊದಲು ಒಪ್ಪಿಕೊಳ್ಳುತ್ತದೆ. ಆದರೆ ಅದರ ಕೆಳಗೂ ಇನಿಶಿಯಲೈಸ್ ಎಂಬ ಗುಂಡಿ ಇದ್ದೇ ಇದೆ.

ಓದಲು ಬಾರದ ಡಿಸ್ಕು ಕೆಟ್ಟಿರಲೇಬೇಕೆಂದೇನೂ ಇಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಇರುವ ಡಿಸ್ಕನ್ನೋ ಲಿನಕ್ಸಿನ ಎಕ್ಸ್ಟ್4 ಇರುವುದನ್ನೋ ವಿಂಡೋಸಿಗೆ ಹಾಕಿದರೆ ಅದು ಕಾಣುವುದೇ ಇಲ್ಲ, ಇಲ್ಲವೇ ಇದೇ ಪ್ರಶ್ನೆ ಬರುತ್ತದೆ. ಡಿಸ್ಕು ಗಟ್ಟಿಮುಟ್ಟಾಗಿದೆ, ಭಾಷೆ ಬೇರೆ ಅಷ್ಟೇ. ಮಗಳು ಮ್ಯಾಕ್‌ನಿಂದ ತಂದುಕೊಟ್ಟ ಡಿಸ್ಕನ್ನು ಅಪ್ಪ ತಮ್ಮ ವಿಂಡೋಸಿಗೆ ಹಾಕಿ ಯೆಸ್ ಒತ್ತಿದರೆ ನಷ್ಟ ಯಾರದು ಹೇಳಿ. ಎರಡೂ ಕಡೆ ನಡೆಯಬೇಕಾದರೆ ಎಕ್ಸ್‌ಫ್ಯಾಟ್ ಬಳಸುತ್ತಾರೆ. ಲಿನಕ್ಸಿಗೂ 2019ರಲ್ಲಿ 5.4ನೇ ಕರ್ನಲಿನಿಂದ ಅದರ ಬೆಂಬಲ ಬಂತು. ಆದರೆ ಎಕ್ಸ್‌ಫ್ಯಾಟಿಗೆ ಜರ್ನಲ್ ಇಲ್ಲ. ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಎನ್‌ಟಿಎಫ್‌ಎಸ್‌ಗೆ ಇದೆ, ಇದಕ್ಕಿಲ್ಲ. ಕಾಪಿ ಆಗುತ್ತಿರುವಾಗ ಕಿತ್ತರೆ ಎಕ್ಸ್‌ಫ್ಯಾಟ್ ಡಿಸ್ಕು ರಾ ಆಗುವ ಸಂಭವ ಹೆಚ್ಚು. 2018ರ ವಿಂಡೋಸ್ 10 ಅಪ್‌ಡೇಟಿನಿಂದ ಕ್ವಿಕ್ ರಿಮೂವಲ್ ತಾನಾಗಿಯೇ ಆನ್ ಆಗಿರುತ್ತದೆ ಎಂಬುದು ನಿಜ, ಆದರೆ ಅದು ಬರೆಯುತ್ತಿರುವ ಹೊತ್ತಿನಲ್ಲಿ ಕಿತ್ತರೂ ನಡೆಯುತ್ತದೆ ಎಂಬ ಅಭಯವಲ್ಲ.

ಪಾರ್ಟಿಷನ್ ಪಟ್ಟಿ ಅಂದೆನಲ್ಲ, ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅದು ಇರುವುದು ಡಿಸ್ಕಿನ ಮೊದಲ 512 ಬೈಟುಗಳಲ್ಲಿ. ಅಷ್ಟು ಹಾಳಾದರೆ ಸಾವಿರಾರು ಜಿಬಿ ಕಾಣದಂತಾಗುತ್ತದೆ. ಪುಸ್ತಕದ ಪರಿವಿಡಿಯ ಹಾಳೆ ಹರಿದುಹೋದಂತೆ ಅದು, ಅಧ್ಯಾಯಗಳೆಲ್ಲ ಒಳಗೇ ಇವೆ. ಕ್ರಿಸ್ತೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರು ಡಿಸ್ಕನ್ನು ತಡಕಿ ಪಾರ್ಟಿಷನ್ ಎಲ್ಲಿ ಶುರುವಾಗಿತ್ತೆಂದು ಹುಡುಕಿಕೊಡುತ್ತದೆ. ಇದರ ಬದಲು ಯಾರೋ ಹೇಳಿದರೆಂದು ಡಿಸ್ಕ್‌ಪಾರ್ಟಿನಲ್ಲಿ ಕ್ಲೀನ್ ಎಂದು ಹೊಡೆಯುವವರಿದ್ದಾರೆ. ಆ ಆಜ್ಞೆ ಅಳಿಸುವುದೇ ಪಾರ್ಟಿಷನ್ ಮಾಹಿತಿಯನ್ನು. ಹೌದು, ಡಿಸ್ಕು ಆಮೇಲೆ ಚೆನ್ನಾಗಿಯೇ ಕಾಣುತ್ತದೆ, ಖಾಲಿಯಾಗಿ. ಡಿಸ್ಕು ಬೇಕೋ ಡಾಟಾ ಬೇಕೋ ಎಂಬುದನ್ನು ಯಾವುದೇ ಸಲಹೆ ಪಾಲಿಸುವ ಮೊದಲು ತೀರ್ಮಾನಿಸಿಕೊಳ್ಳಬೇಕು. ಸಲಹೆ ಕೊಡುವವರಲ್ಲಿ ಬಹಳ ಮಂದಿ ಕೊಡುವುದು ಡಿಸ್ಕನ್ನು ಉಳಿಸುವ ಸಲಹೆ.

ಚೆಕ್‌ಡಿಸ್ಕ್ ಬಗ್ಗೆಯೂ ಇದೇ ಮಾತು. ಅದು ಫೈಲ್ ಸಿಸ್ಟಮಿನ ಲೆಕ್ಕವನ್ನು ಸರಿದೂಗಿಸುತ್ತದೆಯೇ ಹೊರತು ನಿಮ್ಮ ಫೈಲುಗಳನ್ನು ಕಾಯುವುದಿಲ್ಲ. ಲೆಕ್ಕಕ್ಕೆ ಹೊಂದದ ಫೋಲ್ಡರನ್ನು ಚೂರುಗಳಾಗಿ ಬೇರೆಡೆ ತುಂಬಲು ಅದಕ್ಕೆ ಅಳುಕಿಲ್ಲ. ಮೇಲಾಗಿ ಅದು ಬರೆಯುವುದು ಅದೇ ಡಿಸ್ಕಿಗೆ. ತಟ್ಟೆ ಸವೆಯುತ್ತಿರುವ ಡಿಸ್ಕಿಗೆ ಅದನ್ನು ಓಡಿಸುವುದು ಕೊನೆಯ ಉಸಿರನ್ನು ಲೆಕ್ಕಪತ್ರಕ್ಕೆ ಖರ್ಚು ಮಾಡಿದ ಹಾಗೆ. ಮೊದಲು ಮಾಡಬೇಕಾದದ್ದು ಡಿಸ್ಕಿನ ಪೂರ್ತಿ ಪ್ರತಿ. ಗ್ನೂ ಡಿಡಿರೆಸ್ಕ್ಯೂ ಈ ಕೆಲಸವನ್ನು ಜಾಣತನದಿಂದ ಮಾಡುತ್ತದೆ. ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಭಾಗಗಳನ್ನು ಗುರುತು ಹಾಕಿಟ್ಟು, ಕೊನೆಗೆ ಅವುಗಳ ಹತ್ತಿರ ಬರುತ್ತದೆ. ನಡುವೆ ಕರೆಂಟು ಹೋದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆಮೇಲೆ ಟೆಸ್ಟ್‌ಡಿಸ್ಕೋ ಚೆಕ್‌ಡಿಸ್ಕೋ ಏನು ಬೇಕಾದರೂ ಆ ಪ್ರತಿಯ ಮೇಲೆ ಮಾಡಿಕೊಳ್ಳಿ.

ಸದ್ದು ಕೇಳಿಸಿಕೊಳ್ಳುವುದೂ ಒಂದು ಪರೀಕ್ಷೆಯೇ. ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಓದುವ ಹೆಡ್ಡು ತನ್ನ ಜಾಗ ಸಿಗದೆ ಹಿಂದಕ್ಕೆ ಬಂದು ಮತ್ತೆ ಹೋಗುತ್ತಿದೆ. ಸಣ್ಣಗೆ ಬೀಪ್ ಬೀಪ್ ಎಂದು ಕೊರಗುತ್ತಿದ್ದರೆ ಹೆಡ್ಡು ತಟ್ಟೆಗೇ ಅಂಟಿಕೊಂಡು ಮೋಟರು ತಿರುಗಲಾರದೆ ಒದ್ದಾಡುತ್ತಿರಬಹುದು. ಕರೆಂಟು ಸಾಲದಿದ್ದರೂ ಇಂಥದೇ ಸದ್ದುಗಳು ಬರುವುದರಿಂದ ಇನ್ನೊಂದು ಒಳ್ಳೆಯ ಪೋರ್ಟಿನಲ್ಲಿ, ಒಳ್ಳೆಯ ಕೇಬಲಿನಲ್ಲಿ ಒಮ್ಮೆ ನೋಡಿ. ಮತ್ತೆ ಅದೇ ಸದ್ದು ಬಂದರೆ ಕಿತ್ತು ಪಕ್ಕಕ್ಕಿಡಿ. ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಪೆಟ್ಟಾದ ಹೆಡ್ಡನ್ನು ಓಡಿಸುತ್ತ ಹೋದಷ್ಟೂ ಡಾಟಾ ಇರುವ ಲೇಪವನ್ನೇ ಅದು ಕೆರೆದುಹಾಕುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆ ಇನ್ನೂ ಬದುಕಿದೆ. ಹೊರಗೆ ತೆಗೆದ ತಣ್ಣನೆಯ ಡಿಸ್ಕಿನ ಮೇಲೆ, ಮುಖ್ಯವಾಗಿ ನಮ್ಮ ಕರಾವಳಿಯ ಹವೆಯಲ್ಲಿ, ಹನಿಗಟ್ಟದೆ ಇನ್ನೇನಾದೀತು?

ಡಬ್ಬಿ ಬಿಚ್ಚಿ ಒಳಗಿನ ಡಿಸ್ಕನ್ನು ನೇರವಾಗಿ ಜೋಡಿಸುವುದು ಇನ್ನೊಂದು ಜನಪ್ರಿಯ ಉಪಾಯ. ಡಬ್ಬಿಯೊಳಗಿನ ಪರಿವರ್ತಕ ಬೋರ್ಡು ಮಾತ್ರ ಸತ್ತಿದ್ದರೆ ಇದು ಫಲಿಸುತ್ತದೆ. ಆದರೆ ಎಷ್ಟೋ ಜೇಬು ಡಿಸ್ಕುಗಳಲ್ಲಿ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಒಳಗೆ ಸಾಟಾ ಪಿನ್ನೇ ಇರುವುದಿಲ್ಲ. ಇನ್ನು ಕೆಲವು ಮಾದರಿಗಳಲ್ಲಿ ಒಡೆಯರು ಪಾಸ್‌ವರ್ಡ್ ಹಾಕದಿದ್ದರೂ ಪರಿವರ್ತಕದ ಚಿಪ್ಪು ಎಲ್ಲವನ್ನೂ ಗೂಢಲಿಪಿ ಮಾಡಿಯೇ ಬರೆಯುತ್ತದೆ. ಅಂಥ ಡಿಸ್ಕನ್ನು ಹೊರತೆಗೆದು ಬೇರೆ ಡಬ್ಬಿಗೆ ಹಾಕಿದರೆ ಮತ್ತೆ ಅದೇ ಪ್ರಶ್ನೆ: ಇನಿಶಿಯಲೈಸ್ ಮಾಡಲೇ? ಹಳೆಯ ಬೋರ್ಡನ್ನು ಕಸದ ಬುಟ್ಟಿಗೆ ಎಸೆದಿದ್ದರೆ ಮುಂದೆ ರಿಕವರಿ ಮಾಡುವವರ ಕೆಲಸವೂ ಕಠಿಣವಾಗುತ್ತದೆ.

ಕಾಣದ್ದೆಲ್ಲ ಸತ್ತದ್ದಲ್ಲ ಎನ್ನುವುದಕ್ಕೆ 2009ರ ಜನವರಿಯ ಪ್ರಕರಣ ನನಗೆ ಸದಾ ನೆನಪಾಗುತ್ತದೆ. ಸೀಗೇಟ್ ಕಂಪನಿಯ ಬರಾಕುಡಾ 7200.11 ಡಿಸ್ಕುಗಳು ಇದ್ದಕ್ಕಿದ್ದಂತೆ ಮಾಯವಾಗತೊಡಗಿದವು. ಹಿಂದಿನ ದಿನ ಚೆನ್ನಾಗಿದ್ದ ಡಿಸ್ಕು ಬೆಳಿಗ್ಗೆ ಬಯಾಸಿಗೂ ಕಾಣುತ್ತಿರಲಿಲ್ಲ. ತಟ್ಟೆ, ಹೆಡ್ಡು, ಮೋಟರು, ಡಾಟಾ ಎಲ್ಲ ಸರಿಯಿದ್ದವು. ದೋಷ ಇದ್ದದ್ದು ಡಿಸ್ಕಿನೊಳಗಿನ ಫರ್ಮ್‌ವೇರಿನಲ್ಲಿ. ಅದು ತನಗಾಗಿ ಇಟ್ಟುಕೊಳ್ಳುವ ಒಂದು ಲಾಗಿನ ಎಣಿಕೆ ನಿರ್ದಿಷ್ಟ ಸ್ಥಾನದಲ್ಲಿರುವಾಗ ಕರೆಂಟು ಹೋಗಿ ಬಂದರೆ ಡಿಸ್ಕು ಏಳದೆ ಅಲ್ಲೇ ಸ್ತಬ್ಧವಾಗುತ್ತಿತ್ತು. ಕಂಪನಿ ಹೊಸ ಫರ್ಮ್‌ವೇರ್ ಬಿಡುಗಡೆ ಮಾಡಿತು, ಹಾಗೆ ಮಾಯವಾದ ಡಿಸ್ಕುಗಳ ಡಾಟಾವನ್ನು ಉಚಿತವಾಗಿ ತೆಗೆದುಕೊಡುವುದಾಗಿಯೂ ಹೇಳಿತು. ಅಷ್ಟರೊಳಗೆ ಸತ್ತಿತೆಂದು ಎಸೆದವರಿಗೆ ಆ ಮಾತಿನಿಂದ ಏನೂ ಸಿಗಲಿಲ್ಲ.

ಪೆನ್‌ಡ್ರೈವಿಗೆ ಎರಡು ಮಾತು ಸಾಕು. ಡ್ರೈವಿಗೆ ಅಕ್ಷರ ಬಂದಿದೆ, ಆದರೆ ನೋ ಮೀಡಿಯಾ ಎನ್ನುತ್ತದೆ ಎಂದಾದರೆ ಒಳಗಿನ ಕಂಟ್ರೋಲರಿಗೆ ತನ್ನ ಮೆಮೊರಿ ಚಿಪ್ಪೇ ಸಿಗುತ್ತಿಲ್ಲ, ಮನೆಯಲ್ಲಿ ಮಾಡುವಂಥದ್ದೇನಿಲ್ಲ. ಇನ್ನು ಫುಟ್‌ಪಾತಿನಲ್ಲಿ ನಂಬಲಾಗದ ಬೆಲೆಗೆ ಸಿಗುವ 2 ಟಿಬಿ ಪೆನ್‌ಡ್ರೈವಿನಲ್ಲಿ ಅಷ್ಟು ಜಾಗ ಇರುವುದೇ ಇಲ್ಲ, ಸುಳ್ಳು ಹೇಳುವ ಕಂಟ್ರೋಲರ್ ಇರುತ್ತದೆ. ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಧನಗಳು ಪೂರ್ತಿ ತುಂಬಿ, ಮತ್ತೆ ಓದಿ ಈ ಕಳ್ಳತನ ಹಿಡಿಯುತ್ತವೆ. ಕೊಂಡ ದಿನವೇ ನೋಡಿಬಿಡಿ.

ಎಸ್‌ಎಸ್‌ಡಿ ಬಂದ ಮೇಲೆ ಮೊದಲಿನ ಒಂದು ಸಮಾಧಾನವೂ ಹೋಯಿತು. ತಿರುಗುವ ಡಿಸ್ಕಿನ ಕಾಲದಲ್ಲಿ ತಪ್ಪಿ ಕ್ವಿಕ್ ಫಾರ್ಮ್ಯಾಟ್ ಒತ್ತಿದವರಿಗೆ, ಒರೆಸಿದ್ದು ಮೇಲಿನ ಪಟ್ಟಿ ಮಾತ್ರ, ಫೈಲುಗಳು ಒಳಗಿವೆ, ರಿಕವರಿ ಆಗುತ್ತದೆ ಎಂದು ಧೈರ್ಯ ಹೇಳಬಹುದಿತ್ತು. ಈಗಿನ ಎಸ್‌ಎಸ್‌ಡಿಗೆ ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಟ್ರಿಮ್ ಎಂಬ ಸಂದೇಶವನ್ನೂ ಕಳಿಸುತ್ತದೆ. ಈ ಜಾಗ ಇನ್ನು ಬೇಡ, ಖಾಲಿ ಮಾಡಿಕೊ ಎಂದು ಅದರ ಅರ್ಥ. ಪರಿವರ್ತಕ ಬೋರ್ಡು ಆ ಸಂದೇಶವನ್ನು ದಾಟಿಸುವಂಥದ್ದಾಗಿದ್ದರೆ ಎಸ್‌ಎಸ್‌ಡಿ ಹಿನ್ನೆಲೆಯಲ್ಲಿ ಸದ್ದಿಲ್ಲದೆ ಆ ಕೋಶಗಳನ್ನು ಅಳಿಸಿಕೊಳ್ಳುತ್ತ ಹೋಗುತ್ತದೆ, ಆಮೇಲೆ ಎಷ್ಟು ದುಡ್ಡು ಸುರಿದರೂ ಸಿಗುವುದು ಸೊನ್ನೆಗಳು. ಅಳಿಸುವ ಕೆಲಸ ನಡೆಯುವುದು ಕರೆಂಟು ಇರುವಾಗ ಮಾತ್ರ. ಅಪ್ಪಿತಪ್ಪಿ ಒತ್ತಿದ್ದೀರಿ ಎಂದಾದರೆ ಕ್ಯಾನ್ಸಲ್ ಹುಡುಕುತ್ತ ಕೂರದೆ ಕೇಬಲ್ ಕಿತ್ತುಬಿಡಿ. ಸೇಫ್ಲಿ ರಿಮೂವ್ ಬೇಡ ಎಂದು ನಾನು ಹೇಳುವ ಸಂದರ್ಭ ಇದೊಂದೇ.

ರಿಕವರಿ ಅಂಗಡಿಗೆ ಹೋಗಲೇಬೇಕಾಗಿ ಬಂದರೆ ಡಿಸ್ಕಿನ ಜೊತೆಗೆ ಅದರ ಡಬ್ಬಿ, ಅಡಾಪ್ಟರ್, ಕೇಬಲ್ ಎಲ್ಲವನ್ನೂ ಒಯ್ಯಿರಿ. ಬಿಟ್‌ಲಾಕರ್ ಹಾಕಿದ್ದರೆ ಅದರ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಇಲ್ಲದೆ ಯಾರೂ ಏನೂ ಮಾಡಲಾರರು, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಕೊನೆಯ ಸಲ ಏನು ಮಾಡುತ್ತಿದ್ದಿರಿ, ಬಿದ್ದಿತ್ತೇ, ಯಾವ ಸದ್ದು ಬಂತು, ಯಾವ ಗುಂಡಿ ಒತ್ತಿದಿರಿ ಎಂಬುದನ್ನು ಮುಚ್ಚಿಡದೆ ಚೀಟಿಯಲ್ಲಿ ಬರೆದು ಕೊಡಿ. ಮೊದಲು ಪ್ರತಿ ತೆಗೆದು ಪ್ರತಿಯ ಮೇಲೆ ಕೆಲಸ ಮಾಡುತ್ತೀರಾ ಎಂದು ಕೇಳಿ. ಇಲ್ಲ, ನೇರವಾಗಿ ಇದರ ಮೇಲೇ ಸಾಫ್ಟ್‌ವೇರ್ ಓಡಿಸುತ್ತೇವೆ ಎಂದರೆ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಅಂಗಡಿಗೆ ಹೋಗಿ.

ಪ್ರಶ್ನೆಗಳಿಗೆ ಅಧ್ಯಕ್ಷರು ಅರ್ಧ ಗಂಟೆ ಕೊಟ್ಟಿದ್ದಾರೆ. ಕೆಲವರು ಡಿಸ್ಕುಗಳನ್ನೂ ತಂದಿದ್ದೀರಿ ಎಂದು ಕೇಳಿದೆ. ಅವನ್ನು ಯಾರೂ ಈಗ ಈ ಸಭಾಂಗಣದ ಪ್ರೊಜೆಕ್ಟರಿನ ಕಂಪ್ಯೂಟರಿಗೆ ಹಾಕಬೇಡಿ, ಅದರ ಮುಂದಿನ ಪೋರ್ಟು ಸಡಿಲವಿದೆ.